ಆಚೆ ದಡ

ಮಳೆಗೆ ಅಪಾರ ನಷ್ಟ, ಸಭೆಗೆ ಅಪಾರ ಜನ, ಅಗಲಿದವರ ಮನೆಯವರಿಗೆ ಅಪಾರ ದುಃಖ. ಪತ್ರಿಕೆಯ ಒಂದೇ ಪುಟದಲ್ಲಿ ಮೂರು ಸಲ ಕಂಡಾಗ ಈ ಪದದ ನೀರು ಬತ್ತಿಹೋಗಿದೆ ಅನಿಸುತ್ತದೆ. ಇದು ಹೊಳೆ ದಾಟಲು ನಿಂತವರ ಮಾತು. ಪಾರ ಎಂದರೆ ಆಚೆ ದಡ. ಅದು ಕಾಣದ್ದು ಅಪಾರ. ಗಾಧ ಎಂದರೆ ಕಾಲಿಗೆ ನೆಲ ಸಿಗುವ ನೀರು. ನೆಲ ಸಿಗದ್ದು ಅಗಾಧ. ಕೇರಳದ 44 ನದಿಗಳಲ್ಲಿ 12 ಹರಿಯುವ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಟಿ ತಿಂಗಳ ಜಡಿಮಳೆಗೆ ಚಂದ್ರಗಿರಿ ಹೊಳೆ ಕೆಂಪಾಗಿ ತುಂಬಿ ಬಂದಾಗ ಆಚೆ ಬದಿಯ ತೆಂಗುಗಳು ಮಾಸಿಹೋಗುತ್ತವೆ. ಆಗ ಅಪಾರ ಎಂದವರು ದಡಕ್ಕಾಗಿ ಕಣ್ಣಿಟ್ಟು ಹುಡುಕಿರುತ್ತಾರೆ.

ಅಳೆಯಲು ಹೋಗಿ ಸೋತ ಮೇಲೆ ಬಾಯಿಗೆ ಬರಬೇಕಾದ ಪದವನ್ನು ನಾವು ಅಳೆಯುವ ಕೆಲಸ ತಪ್ಪಿಸಿಕೊಳ್ಳಲು ಬಳಸುತ್ತಿದ್ದೇವೆ. ನನ್ನ ತಕರಾರು ಇಷ್ಟೇ.

ನಮ್ಮಲ್ಲಿ ನೀರಿಗಾಗಿ ಸುರಂಗ ತೋಡುವವರನ್ನು ನೋಡಿ. ಮುರಕಲ್ಲಿನ ಗುಡ್ಡದ ಬದಿಯಲ್ಲಿ ಒಬ್ಬರು ಬಗ್ಗಿ ನುಗ್ಗುವಷ್ಟೇ ಬಾಯಿ. ಒಳಗೆ ಮೋಂಬತ್ತಿಯ ಬೆಳಕು, ಪಿಕ್ಕಾಸಿನ ಸದ್ದು. ಒಸರು ಎಷ್ಟು ದೂರದಲ್ಲಿ ಸಿಕ್ಕೀತೆಂದು ಯಾರಿಗೂ ಗೊತ್ತಿಲ್ಲ. ಆದರೂ ತೋಡಿದಷ್ಟನ್ನು ಕೋಲಿನಲ್ಲಿ ಅಳೆಯುತ್ತಾರೆ. ಕೂಲಿಯೂ ಕೋಲಿನ ಲೆಕ್ಕದಲ್ಲೇ. 'ಇಪ್ಪತ್ತು ಕೋಲು ಆಯ್ತು, ಮಣ್ಣು ತಂಪಾಗಿದೆ' ಎಂದು ಹೊರಗೆ ಬಂದು ಹೇಳುತ್ತಾರೆ. ಗುಡ್ಡದ ಹೊಟ್ಟೆ ಅಗಾಧ ಎಂದು ಕೈಚೆಲ್ಲಿದ್ದರೆ ಈ ತೋಟಗಳಿಗೆ ನೀರೆಲ್ಲಿತ್ತು?

ಇದೇ ಜಿಲ್ಲೆಯ ಎಣ್ಮಕಜೆ, ಪಡ್ರೆಯ ಕಡೆ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಜನ ಕಾಯಿಲೆ ಬಿದ್ದಾಗ 'ಅಪಾರ ಹಾನಿ' ಎಂದು ಭಾಷಣಗಳಾದವು. ಆ ಪದದಿಂದ ಯಾರ ಮನೆಗೂ ಔಷಧ ಬರಲಿಲ್ಲ. ಊರಿನ ವೈದ್ಯರೂ ನೆರೆಯವರೂ ಯಾವ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಬರೆದಿಟ್ಟರು. ನ್ಯಾಯ ಕೇಳಲು ಆಧಾರವಾದದ್ದು ಇಂಥ ಬರಹ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಐದು ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಪರಿಹಾರ ಸಿಗುವುದು ಪಟ್ಟಿಯಲ್ಲಿರುವ ಹೆಸರಿಗೆ.

ನೋವನ್ನು ಎಣಿಸುವುದು ಕ್ರೌರ್ಯವಲ್ಲವೇ ಎಂದು ಕೇಳುವವರಿದ್ದಾರೆ. ಎಣಿಸದೆ ಬಿಡುವುದು ಅದಕ್ಕಿಂತ ದೊಡ್ಡ ಕ್ರೌರ್ಯ ಎಂದು ನಾನು ನಂಬಿದ್ದೇನೆ. ಬೆಳೆದ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಂಜಿಯನ್ನು ಚಮಚ ಚಮಚವಾಗಿ ಉಣಿಸಿ, ಕಟವಾಯಿಯನ್ನು ಸೆರಗಿನಿಂದ ಒರೆಸುವ ತಾಯಿಯ ದಿನಗಳಿಗೆ 5 ಲಕ್ಷ ಸಮವಲ್ಲ, ಯಾವ ಮೊತ್ತವೂ ಸಮವಲ್ಲ. ಅವಳ ಮಗನ ಹೆಸರು, ವಯಸ್ಸು, ಕಾಯಿಲೆ ಎಲ್ಲವನ್ನೂ ಬರೆದುಕೊಂಡು ಜಗಲಿ ಇಳಿಯುವಾಗ ಆ ಪದ ತಾನಾಗಿ ಬರುತ್ತದೆ, ಅಪಾರ.