ಬಚ್ಚಲ ನೀರು ಅಂಗಳದಲ್ಲೇ ಇಂಗಲಿ ಎನ್ನಬಹುದೇ?

ಉದ್ಯೋಗ ಖಾತ್ರಿ ದುಡ್ಡಿನಲ್ಲಿ ನಮ್ಮ ಹಳ್ಳಿಗಳಲ್ಲಿ ಮನೆಮನೆಗೆ ಬಚ್ಚಲುಗುಂಡಿ ಬಂತು. ಅದಕ್ಕಿಳಿಯುವ ಸೋಪು, ಶಾಂಪೂ, ಡಿಟರ್ಜೆಂಟಿನಲ್ಲಿ ಹಾರ್ಮೋನುಗಳ ಕೆಲಸ ಕೆಡಿಸಬಲ್ಲ ರಾಸಾಯನಿಕಗಳೂ ಇರಬಹುದು. ಅರಸೀಕೆರೆ, ಬೇಲೂರು, ಹಳೇಬೀಡಿಗೆ ಈ ಗುಂಡಿ ಸರಿಯೇ?

ಪರ

ಅರಸೀಕೆರೆಯ ತೆಂಗಿನ ತೋಟದವರನ್ನು ಕೇಳಿ. ಬೋರು ಆಳಕ್ಕಿಳಿದಂತೆ ಫ್ಲೋರೈಡ್ ಕಾಟ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ಹಲ್ಲು, ಮೂಳೆ ಎರಡನ್ನೂ ತಿನ್ನುತ್ತದೆ. ಕಣ್ಣೆದುರಿನ ಈ ವಿಷ ಬಿಟ್ಟು ನ್ಯಾನೊಗ್ರಾಂ ಲೆಕ್ಕದ ಭಯಕ್ಕೆ ಗುಂಡಿ ಮುಚ್ಚುವುದೇ? ಮುಚ್ಚಿದರೆ ಆ ನೀರು ಬೀದಿಯಲ್ಲಿ ಸೊಳ್ಳೆ ಸಾಕಿ ಕೆರೆಗೆ ಹೋಗುತ್ತದೆ, ಅಷ್ಟೆ. ಮಣ್ಣೂ ಸುಮ್ಮನಿರುವುದಿಲ್ಲ. ಕೆಲವು ಡಿಟರ್ಜೆಂಟುಗಳಿಂದ ಹುಟ್ಟುವ ನೊನೈಲ್‌ಫಿನಾಲ್ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಗಾಳಿಯಾಡುವ ಮೇಲ್ಪದರದ ಸೂಕ್ಷ್ಮಜೀವಿಗಳು ಅದನ್ನು ಕ್ರಮೇಣ ಕರಗಿಸುತ್ತವೆ.

ವಿರೋಧ

ಗಾಳಿಯಾಡುವ ಮೇಲ್ಪದರ! ಆಳದ ಗುಂಡಿ ಆ ಪದರವನ್ನೇ ದಾಟಿ ನೀರು ಬಿಡುತ್ತದಲ್ಲ. ಕೆಳಗಿರುವುದು ಗಟ್ಟಿ ಶಿಲೆ. ಬಿರುಕು ಸಿಕ್ಕಿದರೆ ನೀರು ಸೋಸದೆಯೇ ಇಳಿಯುತ್ತದೆ. ಅರಸೀಕೆರೆಯ ಅಂತರ್ಜಲ ಪಾತಾಳದಲ್ಲಿದೆ, ಒಪ್ಪೋಣ. ಹಳೇಬೀಡಿನ ದ್ವಾರಸಮುದ್ರ ಕೆರೆಯ ಅಂಚಿನಲ್ಲಿ, ಬೇಲೂರಿನ ಯಗಚಿ ದಂಡೆಯಲ್ಲಿ ಹಾಗಲ್ಲ. ಮಳೆಗಾಲಕ್ಕೆ ನೀರಿನ ಮಟ್ಟ ಏರಿ ಗುಂಡಿಯ ಬುಡ ಮುಟ್ಟಿದರೆ ಸೋಸುವ ಒಣಮಣ್ಣೇ ಉಳಿಯದು. 2023ರಲ್ಲಿ ಯುನೆಸ್ಕೊ ಪಟ್ಟಿಗೇರಿದ ದೇಗುಲಗಳ ಊರುಗಳಿವು. ಪ್ರವಾಸಿಗರು ತಂಗುವ ಲಾಡ್ಜುಗಳ ಬಟ್ಟೆ ಒಗೆದ ನೀರನ್ನು ಮನೆಬಚ್ಚಲ ಲೆಕ್ಕದಲ್ಲಿ ಅಳೆಯಲಾಗದು.

ನ್ಯಾನೊಗ್ರಾಂ ಎಂದು ನಗುವುದೂ ಬೇಡ. ಕೆನಡಾದ ಒಂದು ಪ್ರಯೋಗದ ಸರೋವರಕ್ಕೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನು ಬೆರೆಸಿದರು, ಲೀಟರಿಗೆ 5-6 ನ್ಯಾನೊಗ್ರಾಂ. ಗಂಡುಮೀನುಗಳಲ್ಲಿ ಹೆಣ್ಣುಲಕ್ಷಣ ಮೂಡಿತು, ಒಂದು ಸಣ್ಣಮೀನಿನ ಸಂತತಿ ಅಳಿವಿನಂಚಿಗೆ ಹೋಯಿತು. ಮನುಷ್ಯರು ಮೀನಲ್ಲ, ಬಾವಿ ಸರೋವರವಲ್ಲ, ನಿಜ. ಆದರೆ ನಮ್ಮ ಬಚ್ಚಲಿಗೆ ಮೂತ್ರವೂ ಹೋಗುತ್ತದೆ, ಅದರ ಜೊತೆ ಹಾರ್ಮೋನೂ. ಊರಲ್ಲಿ ನೀರು ಪರೀಕ್ಷಿಸುವವರು ಫ್ಲೋರೈಡ್, ನೈಟ್ರೇಟ್ ನೋಡುತ್ತಾರೆ. ಹಾರ್ಮೋನು ಹುಡುಕುವ ಯಂತ್ರ ಅವರ ಕಿಟ್ಟಿನಲ್ಲಿಲ್ಲ. ಹುಡುಕದೆ ‘ಇಲ್ಲ’ ಎನ್ನುವುದು ಯಾವ ವಾದ?

ದಾರಿ ಇಲ್ಲದಿಲ್ಲ. ಬಚ್ಚಲ ನೀರನ್ನು ತೆಂಗು, ಬಾಳೆಯ ಬುಡಕ್ಕೆ ಮೇಲ್ಮಣ್ಣಿನಲ್ಲೇ ಹರಡಿದರೆ ಪರದವರು ಹೊಗಳುವ ಆ ಸೂಕ್ಷ್ಮಜೀವಿಗಳಿಗೆ ಕೆಲಸ ಸಿಗುತ್ತದೆ. ಟ್ರೈಕ್ಲೋಸಾನ್ ಎಂಬ ರೋಗಾಣುನಾಶಕ ಬೆರೆತ ಕೈಸೋಪನ್ನು ಅಮೆರಿಕ 2016ರಲ್ಲಿ ಮಾರುಕಟ್ಟೆಯಿಂದಲೇ ತೆಗೆಸಲು ಹೊರಟಿತು. ನಮ್ಮ ಅಂಗಡಿಗೂ ಅದೇ ಕಟ್ಟಳೆ ಬರಲಿ. ಗೋಡೆಗೆ ಗೋಡೆ ಅಂಟಿದ ಕೇರಿಯಲ್ಲಿ ಬಾಳೆಗೆ ಜಾಗವಿಲ್ಲ; ಅಲ್ಲಿಗೆ ಮುಚ್ಚಿದ ಚರಂಡಿ, ಊರಾಚೆ ಶುದ್ಧೀಕರಣದ ಹೊಂಡ ಬೇಕು. ಆ ಖರ್ಚನ್ನು ಪಂಚಾಯಿತಿ ಹೊರಬೇಕೇ ಹೊರತು ಪಕ್ಕದ ಮನೆಯ ಬಾವಿಯಲ್ಲ.