ತತ್ತ್ವಶಾಸ್ತ್ರಕ್ಕೂ ದಿನಗೂಲಿಯೇ?

1918ರಲ್ಲಿ ಮೈಸೂರಿನ ಮಹಾರಾಜ ಕಾಲೇಜು ತತ್ತ್ವಶಾಸ್ತ್ರ ಕಲಿಸಲು ರಾಧಾಕೃಷ್ಣನ್ ಅವರನ್ನು ಪ್ರಾಧ್ಯಾಪಕರಾಗಿ ಕರೆತಂದಿತು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟು ಎಳೆದರು.

ಇಂದು? ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಮೇಷ್ಟ್ರುಗಳಿಗೆ 'ಅತಿಥಿ' ಎಂಬ ಬಿರುದು! ಅತಿಥಿಗೆ ಎಲೆ ಹಾಕುವುದು ನಮ್ಮ ಪದ್ಧತಿ. ಈ ಅತಿಥಿಗೆ ಪಾಠ ಎಣಿಸಿ ಕೂಲಿ. ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ 50,000 ಮೀರಬಾರದೆಂದು ಯುಜಿಸಿ 2019ರಲ್ಲಿ ಹೇಳಿತು. ಪಾಠವಿಲ್ಲದಿದ್ದರೆ ಕಾಸಿಲ್ಲ.

ಸುತ್ತೂರಿನ ನನ್ನ ಪ್ರೆಸ್ಸಿಗೆ ಲಗ್ನಪತ್ರಿಕೆ ಬರುತ್ತದೆ, ಜಾತ್ರೆಯ ಕರಪತ್ರ ಬರುತ್ತದೆ. ಕನ್ನಡದ ತತ್ತ್ವಶಾಸ್ತ್ರ ಪಠ್ಯ ಬರುವುದಿಲ್ಲ. ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ಎನ್ನುವವನು ಪುಸ್ತಕ ಬರೆದಾನೆಯೇ?

ಅಲ್ಲಮನ ನಾಡಿನಲ್ಲಿ ಕನ್ನಡ ಅಂಗಡಿ ಬೋರ್ಡಿಗೆ ಮಾತ್ರ ಸಾಕೇ? ಬೋರ್ಡಿಗಾಗಿ ಬೀದಿಗಿಳಿದವರೇ, ಖಾಯಂ ಹುದ್ದೆಗಾಗಿಯೂ ಇಳಿಯಿರಿ!