ಆ ರಾತ್ರಿ ನಿಮ್ಮ ಬಾಗಿಲಿಗೆ ಯಾರು ಬರಬೇಕು?



ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಏನು ಮಾಡಬೇಕೆಂದು ನಮ್ಮ ಮಕ್ಕಳಿಗೂ ಗೊತ್ತು. 108ಕ್ಕೆ ಫೋನ್ ಮಾಡುತ್ತಾರೆ, ಪಕ್ಕದ ಮನೆಯವರು ಆಟೋ ತರುತ್ತಾರೆ. ಅದರಲ್ಲಿ ಯಾರಿಗೂ ನಾಚಿಕೆಯಿಲ್ಲ. ಆದರೆ ಹೆರಿಗೆಯಾಗಿ ಹತ್ತು ದಿನವಾದ ಸೊಸೆ ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ, ಯಾರೂ ಇಲ್ಲದ ಕಡೆ ನೋಡಿ ಮಾತನಾಡುತ್ತಾಳೆ, ಮಗು ತನ್ನದಲ್ಲ ಎನ್ನುತ್ತಾಳೆ, ಬಾಗಿಲು ತೆರೆದು ಓಡಲು ನೋಡುತ್ತಾಳೆ ಎಂದಿಟ್ಟುಕೊಳ್ಳಿ. ಆಗ ಯಾರನ್ನು ಕರೆಯುವಿರಿ?

ಗಿಣಿಗೇರಾದಂತಹ ಊರನ್ನೇ ತೆಗೆದುಕೊಳ್ಳಿ. ಕೊಪ್ಪಳ-ಹೊಸಪೇಟೆ ಹೆದ್ದಾರಿಯ ಊರು, ರೈಲು ಜಂಕ್ಷನ್, ಸುತ್ತಲೂ ಉಕ್ಕಿನ ಕಾರ್ಖಾನೆಗಳು. ಗಂಡಸರು ರಾತ್ರಿ ಪಾಳಿಗೆ ಹೋದರೆ ಮನೆಯಲ್ಲಿ ಉಳಿಯುವವರು ಅತ್ತೆ, ಸೊಸೆ, ಮಕ್ಕಳು. ಗದ್ದಲ ಕೇಳಿ ಓಣಿಯವರು ಸೇರುತ್ತಾರೆ. "ಗಾಳಿ ಸೋಕಿದೆ, ದರ್ಗಾಕ್ಕೆ ಕರೆದುಕೊಂಡು ಹೋಗಿ" ಎಂದು ಒಬ್ಬರು. "ಆಮಿಲರನ್ನು ಕರೆಸಿ ದಮ್ ಮಾಡಿಸಿ" ಎಂದು ಇನ್ನೊಬ್ಬರು. "ಪೊಲೀಸರಿಗೆ ಹೇಳಿ" ಎಂದು ಮತ್ತೊಬ್ಬರು. "ಕೈಕಾಲು ಕಟ್ಟಿಹಾಕಿ, ಬೆಳಗಾಗಲಿ" ಎಂದು ಹಿರಿಯರು. ಡಾಕ್ಟರ ಹೆಸರು ಬರುವುದು ಎಲ್ಲರ ಮಾತು ಮುಗಿದ ಮೇಲೆ!

ಬಾಣಂತಿಗೆ ಬರುವ ಈ ಕಾಯಿಲೆ ಹೊಸದೂ ಅಲ್ಲ, ದೆವ್ವದ ಕಾಟವೂ ಅಲ್ಲ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ಗುಣವಾಗುತ್ತದೆ. ತಡವಾದರೆ ತಾಯಿಗೂ ಮಗುವಿಗೂ ಜೀವದ ಅಪಾಯ. ಅದಕ್ಕಾಗಿಯೇ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ನೋಡಿಕೊಳ್ಳುವ ವಿಭಾಗವನ್ನು 2009ರಲ್ಲಿ ಆರಂಭಿಸಲಾಯಿತು. ಆದ್ದರಿಂದ ಹೃದಯಾಘಾತಕ್ಕೆ ತೋರಿಸುವ ಆತುರವನ್ನೇ ಇಲ್ಲಿಯೂ ತೋರಿಸಬೇಕು.

ಹಾಗಾದರೆ ಮೊದಲ ಕರೆ ಯಾರಿಗೆ? ಮನಸ್ಸಿನ ಕಾಯಿಲೆಗೆ ಮೊದಲು ಬರಬೇಕಾದವರು ಆರೋಗ್ಯದವರು, ಪೊಲೀಸರಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಟೆಲಿ-ಮಾನಸ್ ಎಂಬ ಸಹಾಯವಾಣಿಯನ್ನು ಆರಂಭಿಸಿತು. ಸಂಖ್ಯೆ 14416. ಹಗಲು ರಾತ್ರಿ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಕಾಯಿಲೆಯವರೇ ಮಾತನಾಡಬೇಕೆಂದಿಲ್ಲ, ಅತ್ತೆಯೂ ತಂಗಿಯೂ ಕೇಳಬಹುದು. ಆದರೆ ಅದು ಫೋನಿನಲ್ಲಿ ಸಲಹೆ ಕೊಡುವ ಸೇವೆ. ಆಸ್ಪತ್ರೆಗೆ ಸಾಗಿಸಬೇಕಾದರೆ 108ಕ್ಕೇ ಕರೆ ಮಾಡಬೇಕು. ಗಿಣಿಗೇರಾದವರಿಗೆ ಕೊಪ್ಪಳದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರದಲ್ಲಿಯೇ ಇದೆ.

ಕೈಯಲ್ಲಿ ಚಾಕು ಇದ್ದರೆ, ಇತರರ ಪ್ರಾಣಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ಆದರೆ ಮೊದಲ ಮಾತಿನಲ್ಲಿಯೇ ಹೇಳಿ: "ಇವರು ಕಾಯಿಲೆಯವರು, ಅಪರಾಧಿಯಲ್ಲ. ಆಸ್ಪತ್ರೆಗೆ ಸೇರಿಸಲು ಸಹಾಯ ಬೇಕು." 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಇದನ್ನೇ ಹೇಳುತ್ತದೆ. ಕಾಯಿಲೆಯಿಂದ ತನಗೋ ಇತರರಿಗೋ ಅಪಾಯ ತರಬಹುದಾದ ವ್ಯಕ್ತಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣೆಯ ಅಧಿಕಾರಿಯ ಕರ್ತವ್ಯ. ಆದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರಕಾರಿ ಆಸ್ಪತ್ರೆಗೆ ತಲುಪಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿದವರ ಮನೆಯವರು "ಕೇಸು ಆಗುತ್ತದೆ" ಎಂದು ಹೆದರಿ ಆಸ್ಪತ್ರೆಗೆ ಹೋಗುವುದನ್ನೇ ತಡಮಾಡುತ್ತಾರೆ. ಅವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾಯಿದೆ ಭಾವಿಸುತ್ತದೆ. ಅವರಿಗೆ ಬೇಕಾದುದು ಆರೈಕೆ, ಶಿಕ್ಷೆಯಲ್ಲ.

ಇನ್ನು ಸರಪಳಿಯ ಮಾತು. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಏರವಾಡಿಯಲ್ಲಿ ನಡೆದುದನ್ನು ನಾವು ಮರೆಯಬಾರದು. ಅಲ್ಲಿನ ದರ್ಗಾಕ್ಕೆ ಗುಣವಾಗಲೆಂದು ಕರೆತಂದ ಮನೋರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಒಂದು ಖಾಸಗಿ ಮನೆಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಲ್ಪಟ್ಟಿದ್ದವರು ಓಡಲಾರದೆ ಹೋದರು. 28 ಮಂದಿ ಪ್ರಾಣ ಕಳೆದುಕೊಂಡರು. ಅವರನ್ನು ಅಲ್ಲಿ ಬಿಟ್ಟುಬಂದವರಲ್ಲಿ ಎಷ್ಟೋ ಮಂದಿ ಪ್ರೀತಿಯಿಂದಲೇ, ಗುಣವಾಗಲಿ ಎಂಬ ಆಸೆಯಿಂದಲೇ ಬಿಟ್ಟಿರಬೇಕು. ಪ್ರೀತಿಯೊಂದೇ ಸಾಲದು, ಸರಿಯಾದ ಬಾಗಿಲು ತಟ್ಟುವ ತಿಳುವಳಿಕೆಯೂ ಬೇಕು. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾಯಿದೆ ಯಾವ ರೂಪದಲ್ಲಿಯೂ ಒಪ್ಪುವುದಿಲ್ಲ.

ದುಆ ಮಾಡಬೇಡಿ ಎಂದು ಯಾರೂ ಹೇಳುವುದಿಲ್ಲ. ದುಆ ಮಾಡಿ, ಅದರ ಜೊತೆಗೇ ಗಾಡಿಯನ್ನೂ ಕರೆಸಿ. ರೋಗಕ್ಕೆ ಚಿಕಿತ್ಸೆ ಪಡೆಯಿರೆಂದು ಕಲಿಸಿದವರು ಪ್ರವಾದಿ(ಸ)ರೇ ಅಲ್ಲವೇ? ಸಹೀಹ್ ಮುಸ್ಲಿಮ್‌ನಲ್ಲಿ ಅನಸ್(ರ) ತಿಳಿಸಿದ ಒಂದು ಘಟನೆಯಿದೆ. ಬುದ್ಧಿಸ್ತಿಮಿತ ಸರಿಯಿಲ್ಲದ ಮಹಿಳೆಯೊಬ್ಬಳು ಬಂದು, ತನಗೆ ಅವರಿಂದ ಒಂದು ಕೆಲಸವಾಗಬೇಕೆಂದಳು. ಯಾವ ಓಣಿಯಲ್ಲಿ ಮಾತನಾಡಬೇಕೆಂಬುದನ್ನು ಪ್ರವಾದಿ(ಸ)ರು ಅವಳ ಇಷ್ಟಕ್ಕೇ ಬಿಟ್ಟರು. ಅವಳ ಮಾತು ಮುಗಿಯುವವರೆಗೂ ಅವಳ ಜೊತೆ ನಿಂತರು. ಅವಳನ್ನು ಗದರಿಸಲಿಲ್ಲ, ಜನ ಸೇರಿಸಲಿಲ್ಲ. ಆಸ್ಪತ್ರೆಯ ಗಾಡಿ ಬರುವವರೆಗೆ ನಾವು ಮಾಡಬೇಕಾದುದೂ ಇಷ್ಟೇ.

ಹತ್ತಿರ ಹೋಗುವವರು ಒಬ್ಬರೇ ಇರಲಿ. ಅವರು ಮನೆಯ ಯಜಮಾನರೇ ಆಗಬೇಕೆಂದಿಲ್ಲ, ಕಾಯಿಲೆಯವರು ಯಾರ ಮಾತಿಗೆ ಸಮಾಧಾನಗೊಳ್ಳುತ್ತಾರೋ ಅವರಾಗಲಿ. ಮೆಲುದನಿಯಲ್ಲಿ, ಚಿಕ್ಕ ಮಾತುಗಳಲ್ಲಿ ಮಾತನಾಡಲಿ. "ನಾಟಕ ಮಾಡಬೇಡ" ಎನ್ನಬೇಡಿ. ಅವರಿಗೆ ಕೇಳಿಸುವ ದನಿ ಸುಳ್ಳೆಂದು ವಾದಿಸಲೂ ಬೇಡಿ. ಓಣಿಯವರನ್ನು ಹೊರಗೆ ಕಳಿಸಿ, ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಡಿ. ಚಾಕು, ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧಿ ಕೈಗೆ ಸಿಗದಂತೆ ತೆಗೆದಿಡಿ. ಬಾಣಂತಿಯಾದರೆ ಮಗುವನ್ನು ಅವಳೊಬ್ಬಳ ಬಳಿ ಬಿಡಬೇಡಿ, ಆದರೆ ಅದನ್ನು ಕಸಿದುಕೊಂಡು ಅವಳನ್ನು ಕೆರಳಿಸಲೂ ಬೇಡಿ. ಹಳೆಯ ಔಷಧಿ ಚೀಟಿಗಳನ್ನು ಜೊತೆಗೆ ಒಯ್ಯಿರಿ. ಅವಳಿಗೆ ಬೇಕಾದ ಒಬ್ಬ ಹೆಂಗಸು ಆಸ್ಪತ್ರೆಯವರೆಗೂ ಜೊತೆಗಿರಲಿ.

ಮನಸ್ಸಿನ ಕಾಯಿಲೆ ಬಲ್ಲವರೇ ಮನೆ ಬಾಗಿಲಿಗೆ ಬಂದರೆ ಎಷ್ಟು ಚೆನ್ನಾಗಿತ್ತು ಎಂದು ನಿಮಗೆ ಅನಿಸಬಹುದು. ಅಮೆರಿಕದ ಯೂಜಿನ್ ಎಂಬ ನಗರದಲ್ಲಿ 1989ರಿಂದ ಇಂತಹ ವ್ಯವಸ್ಥೆಯಿತ್ತು. ಪೊಲೀಸರ ಬದಲು ಆರೋಗ್ಯದವರೇ ವ್ಯಾನಿನಲ್ಲಿ ಬರುತ್ತಿದ್ದರು. ಹಣದ ಅಡಚಣೆಯಿಂದ 2025ರಲ್ಲಿ ಅಲ್ಲಿ ಆ ಸೇವೆ ನಿಂತಿತು. ಆದರೆ ನಮಗೆ ಹತ್ತಿರದ ಪಾಠ ನಮ್ಮ ನೆರೆಯ ಬಳ್ಳಾರಿಯಲ್ಲಿಯೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸಿ ಔಷಧಿ ಕೊಡಲು ಕಲಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೂ ಇದನ್ನು ಕಲಿಸಬಹುದೆಂದು ತೋರಿಸಿಕೊಟ್ಟ ನೆಲ ನಮ್ಮದು. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಈ ವಿಷಯವಾಗಿ ಒಮ್ಮೆ ಕೇಳಿ ನೋಡಿ.

ಕೊನೆಯದಾಗಿ, ಹೆಣ್ಣುಮಕ್ಕಳು ತಿಳಿಯಲೇಬೇಕಾದ ಒಂದು ಹಕ್ಕು. ತನಗೆ ಮನಸ್ಸಿನ ಕಾಯಿಲೆ ಬಂದಾಗ ತನ್ನ ಪರವಾಗಿ ಯಾರು ನಿಲ್ಲಬೇಕೆಂಬುದನ್ನು ಹದಿನೆಂಟು ದಾಟಿದ ಪ್ರತಿಯೊಬ್ಬರೂ ಮೊದಲೇ ಹೇಳಿಡಬಹುದು. ಇದೂ 2017ರ ಕಾಯಿದೆಯಲ್ಲಿಯೇ ಇದೆ. ಇದಕ್ಕೆ ಬಿಳಿ ಹಾಳೆ ಸಾಕು. ಹೆಸರು ಬರೆದು ಸಹಿ ಮಾಡಬಹುದು, ಹೆಬ್ಬೆಟ್ಟನ್ನೂ ಒತ್ತಬಹುದು. ಹೆಸರಿಸಲಾದವರು ವಯಸ್ಕರಾಗಿದ್ದು, ಆ ಹೊಣೆಗೆ ಒಪ್ಪಿರಬೇಕು. ಅದು ಗಂಡನೇ ಆಗಬೇಕೆಂದಿಲ್ಲ. ತಾಯಿಯಾಗಬಹುದು, ಅಕ್ಕನಾಗಬಹುದು, ನಂಬಿಕೆಯ ಗೆಳತಿಯೂ ಆಗಬಹುದು. ಹಿಂದೊಮ್ಮೆ ಈ ಕಾಯಿಲೆ ಬಂದು ಗುಣವಾದವರು ಮತ್ತೆ ಗರ್ಭಿಣಿಯಾದಾಗ ಡಾಕ್ಟರಿಗೆ ಆ ಸಂಗತಿ ಮೊದಲೇ ತಿಳಿಸಲೇಬೇಕು. ಜೊತೆಗೆ ಈ ಹಾಳೆಯನ್ನೂ ಬರೆದಿಟ್ಟುಕೊಂಡರೆ ಒಳ್ಳೆಯದು.

"ಜನರಿಗೆ ಗೊತ್ತಾದರೆ ಸಂಬಂಧ ಕೂಡಿಬರುವುದಿಲ್ಲ" ಎಂಬ ಭಯದಿಂದ ಎಷ್ಟೋ ಮನೆಗಳು ಬಾಗಿಲು ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಬಾಗಿಲಿನ ಹಿಂದೆ ನರಳುವವಳು ನಮ್ಮ ಮಗಳೇ, ನಮ್ಮ ಸೊಸೆಯೇ ತಾನೇ? ಈ ಸಂಜೆ ಮನೆಯವರೆಲ್ಲ ಊಟಕ್ಕೆ ಕುಳಿತಾಗ ಈ ವಿಷಯ ಎತ್ತಿ. ಫೋನ್ ಯಾರು ಮಾಡಬೇಕು, ಹತ್ತಿರ ಯಾರು ಹೋಗಬೇಕು, ಆಸ್ಪತ್ರೆಗೆ ಜೊತೆಯಲ್ಲಿ ಯಾರು ಹೊರಡಬೇಕು ಎಂಬುದನ್ನು ಮಾತನಾಡಿ ಗೊತ್ತುಮಾಡಿಕೊಳ್ಳಿ. 14416 ಮತ್ತು 108, ಈ ಎರಡು ಸಂಖ್ಯೆಗಳನ್ನು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿ. ಅಂತಹ ರಾತ್ರಿ ನಿಮ್ಮ ಮನೆಗೆ ಬಾರದಿರಲಿ. ಬಂದರೂ, ಯಾರನ್ನು ಕರೆಯುವುದೆಂದು ತಿಳಿಯದೆ ನೀವು ಬಾಗಿಲಲ್ಲಿ ನಿಲ್ಲುವಂತಾಗದಿರಲಿ.